ಅದ್ಭುತಕಥೆಯೂ ಅದರ ಕಟ್ಟಳೆಯೂ

ಅದ್ಭುತಕಥೆಗಳು ಬಾಲರ ವಿನೋದಕ್ಕಾಗಿ ಹುಟ್ಟಿದವು, ಮೀಸೆ ಮೂಡಿದ ಮೇಲೂ ಅವನ್ನು ಹಿಡಿದು ಕುಳಿತವನ ಬುದ್ಧಿ ಇನ್ನೂ ಬಲಿತಿಲ್ಲ ಎಂಬ ಅಭಿಪ್ರಾಯವು ನಮ್ಮ ವಿದ್ಯಾವಂತರ ಮನೆಗಳಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಅತ್ತೆಸೊಸೆಯರ ಕಲಹವನ್ನು ವರ್ಣಿಸಿದ ಗ್ರಂಥವು ಸಾಹಿತ್ಯವೆನಿಸುತ್ತದೆ. ವಿದ್ಯಾಧರನೊಬ್ಬನು ಆಕಾಶಮಾರ್ಗದಿಂದ ಬಂದು ಮಾಳಿಗೆಯ ಮೇಲೆ ಇಳಿದನೆಂದರೆ ಅದು ಅಜ್ಜಿಕಥೆಯಾಗುತ್ತದೆ. ನಾನು ಓದಿದ ಯಾವ ಲಕ್ಷಣಗ್ರಂಥದಲ್ಲಿಯೂ ಈ ವಿಭಾಗಕ್ಕೆ ಆಧಾರವಿಲ್ಲ. ಅದಿರಲಿ, ನಾನಂತೂ ಎಂಟನೆಯ ವಯಸ್ಸಿನಿಂದ ಇಂದು ಅರುವತ್ತಾರು ತುಂಬುವವರೆಗೆ ಈ ಎರಡನೆಯ ಜಾತಿಯ ಗ್ರಂಥಗಳನ್ನೇ ಹೆಚ್ಚಾಗಿ ಓದಿಕೊಂಡು ಬಂದವನು. ಮೂವತ್ತು ಮೂರು ವರ್ಷಗಳ ಕಾಲ ಹುಡುಗರಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು ಜೀವನ ಸಾಗಿಸಿದೆನು. ವ್ಯಾಕರಣವು ನನ್ನ ಅನ್ನ, ಕಥೆಯು ನನ್ನ ಉಪ್ಪಿನಕಾಯಿ ಎಂದು ಮನೆಯವರು ಹಾಸ್ಯಮಾಡುತ್ತಾರೆ. ಉಪ್ಪಿನಕಾಯಿಯ ಪರವಾಗಿ ಎರಡು ಮಾತು ಬರೆಯಬೇಕೆಂದು ಸಂಪಾದಕರು ಅಪ್ಪಣೆ ಕೊಡಿಸಿದ್ದರಿಂದ ಈ ಲೇಖನ.

ನಮ್ಮದು ಘಟ್ಟದ ಮೇಲಿನ ಹಳ್ಳಿ. ಮಳೆಗಾಲದ ರಾತ್ರಿಗಳಲ್ಲಿ ತಂದೆಯವರು ಲಕ್ಷ್ಮೀಶನ ಜೈಮಿನಿಭಾರತವನ್ನು ರಾಗವಾಗಿ ಓದುತ್ತಿದ್ದರು. ಅರ್ಜುನನ ಬೆಂಗಾವಲಿನಲ್ಲಿ ಹೊರಟ ಯಜ್ಞಾಶ್ವವು ಒಂದು ಕೊಳಕ್ಕೆ ಇಳಿದು ಹೆಣ್ಣು ಕುದುರೆಯಾಯಿತು, ಇನ್ನೊಂದಕ್ಕೆ ಇಳಿದು ಹುಲಿಯಾಯಿತು ಎಂಬ ಭಾಗ ಬಂದಾಗ ನಮ್ಮ ಮನೆಯ ಹಿಂದಿನ ಕೆರೆಯ ಕಡೆಗೆ ನಾವು ಹುಡುಗರು ಕೆಲವು ದಿನ ಹೋಗಲಿಲ್ಲ. ಆದರೆ ಭಯದೊಡನೆ ಒಂದು ಸಮಾಧಾನವೂ ಇತ್ತು. ಕುದುರೆ ಸುಮ್ಮನೆ ಹುಲಿಯಾದುದಲ್ಲ. ಆ ಕೊಳಕ್ಕೊಂದು ಹಿಂದಿನ ಶಾಪವಿದ್ದಿತು, ಆ ಶಾಪಕ್ಕೊಂದು ಕಾರಣವಿದ್ದಿತು. ನಮ್ಮ ಕೆರೆಗೆ ಯಾರೂ ಶಾಪ ಕೊಟ್ಟಿಲ್ಲವೆಂದು ತಾಯಿಯವರು ಪ್ರಮಾಣ ಮಾಡಿ ಹೇಳಿದ ಮೇಲೆ ಮತ್ತೆ ಈಜಲು ಹೋದೆವು. ಕಥೆಯೊಳಗಿನ ಆಶ್ಚರ್ಯಕ್ಕೆ ಒಂದು ಕಟ್ಟಳೆಯುಂಟೆಂಬುದನ್ನು ಮಕ್ಕಳು ಯಾರೂ ಹೇಳಿಕೊಡದೆಯೇ ಬಲ್ಲರು. ದೊಡ್ಡವರು ಅದನ್ನು ಮರೆಯುತ್ತಾರೆ. ಪ್ರಾಯಶಃ ಆದಕಾರಣವೇ ಅದ್ಭುತಕಥೆಯೆಂದರೆ ಬಾಯಿಗೆ ಬಂದುದನ್ನು ಹೇಳುವುದು ಎಂದು ಭಾವಿಸುತ್ತಾರೆ.

ಅನಂತರ ಕೈಗೆ ಬಂದುದು ‘ಚಂದಮಾಮ’. 1947ರ ಜುಲೈ ತಿಂಗಳಲ್ಲಿ ಮದರಾಸಿನಿಂದ ತೆಲುಗು ಮತ್ತು ತಮಿಳು ಭಾಷೆಗಳಲ್ಲಿ ಹೊರಟು ಆಮೇಲೆ ಕನ್ನಡಕ್ಕೂ ಬಂದ ಈ ಮಾಸಪತ್ರಿಕೆಯು ಇಂದು ನಿಂತುಹೋಗಿದೆ. ನಾಗಿರೆಡ್ಡಿಯವರೂ ಚಕ್ರಪಾಣಿಯವರೂ ನಡೆಯಿಸಿದ ಆ ಪತ್ರಿಕೆಯನ್ನು ಬಲ್ಲ ವಾಚಕರಿಗೆ, ಹೆಗಲ ಮೇಲೆ ಶವವನ್ನು ಹೊತ್ತು ಖಡ್ಗ ಹಿರಿದು ನಡೆಯುವ ರಾಜನ ಚಿತ್ರವನ್ನು ನಾನು ವರ್ಣಿಸಬೇಕಾಗಿಲ್ಲ. ಅದನ್ನು ಬರೆದ ಶಂಕರ್ ಅವರು 2020ರಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಧಾರಾವಾಹಿಗಳಲ್ಲಿ ಹಲವನ್ನು ತೆಲುಗಿನಲ್ಲಿ ರಚಿಸಿದವರು ದಾಸರಿ ಸುಬ್ರಹ್ಮಣ್ಯಂ ಎಂಬುದು ನನ್ನ ತಲೆ ನರೆತ ಮೇಲೆ ತಿಳಿಯಬಂದಿತು. ಆ ಪತ್ರಿಕೆಯಲ್ಲಿ ಕಥೆಗೆ ಹೆಸರಿತ್ತು, ಕರ್ತೃವಿಗೆ ಇರಲಿಲ್ಲ. ಹೆಸರಿಲ್ಲದೆ ಬರೆದು ಲಕ್ಷಾಂತರ ಮಕ್ಕಳ ನಿದ್ರೆಯನ್ನು ಕೆಡಿಸಿದ ಆ ಮಹನೀಯರಿಗೆ ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಒಂದು ಸಾಲಾದರೂ ಸಲ್ಲಬೇಕು.

ಪತ್ರಿಕೆಯು ಬೇತಾಳನ ಬಾಯಲ್ಲಿ ತಿಂಗಳಿಗೊಂದು ಹೊಸ ಕಥೆಯನ್ನು ಹಾಕಿ ದಶಕಗಟ್ಟಲೆ ನಡೆಯಿಸಿತು. ಮೂಲದಲ್ಲಿ ಇರುವುವು ಇಪ್ಪತ್ತೈದು ಮಾತ್ರ. ಸೋಮದೇವನ ಕಥಾಸರಿತ್ಸಾಗರದಲ್ಲಿ ರಾಜನ ಹೆಸರು ತ್ರಿವಿಕ್ರಮಸೇನ. ಊರು ಗೋದಾವರೀತೀರದ ಪ್ರತಿಷ್ಠಾನ. ಆ ಕಥಾಚೌಕಟ್ಟಿನ ಬಿಗಿಯನ್ನು ನೋಡಿರಿ: ರಾಜನು ಮೌನವನ್ನು ಮುರಿದರೆ ಶವವು ಮತ್ತೆ ಶಿಂಶಪಾವೃಕ್ಷಕ್ಕೆ ಹೋಗುತ್ತದೆ, ಉತ್ತರವನ್ನು ತಿಳಿದೂ ಹೇಳದಿದ್ದರೆ ತಲೆ ಸಿಡಿದು ನೂರು ಹೋಳಾಗುತ್ತದೆ. ಹೇಳಿದರೆ ಕೆಲಸ ಕೆಡುತ್ತದೆ, ಹೇಳದಿದ್ದರೆ ಪ್ರಾಣ ಹೋಗುತ್ತದೆ. ಈ ಎರಡು ನಿಯಮಗಳ ನಡುವೆ ರಾಜನಿಗೆ ಇರುವ ದಾರಿ ಒಂದೇ, ನಿಜವಾಗಿ ಉತ್ತರ ತಿಳಿಯದಿರುವುದು. ಇಪ್ಪತ್ತನಾಲ್ಕನೆಯ ಕಥೆಯಲ್ಲಿ, ತಂದೆಯು ಮಗಳನ್ನೂ ಮಗನು ಅವಳ ತಾಯಿಯನ್ನೂ ಮದುವೆಯಾದರೆ ಅವರಿಗೆ ಹುಟ್ಟಿದ ಮಕ್ಕಳು ತಮ್ಮತಮ್ಮೊಳಗೆ ಏನಾಗಬೇಕು ಎಂಬ ಪ್ರಶ್ನೆ ಬಂದಾಗ ರಾಜನು ಬಾಯಿಮುಚ್ಚಿ ನಡೆಯುತ್ತಾನೆ. ಅವನ ಪಾಂಡಿತ್ಯದಿಂದ ಇಪ್ಪತ್ತಮೂರು ಸಲ ಕೆಟ್ಟ ಕಾರ್ಯವು ಅವನ ಅಜ್ಞಾನದಿಂದ ಕೈಗೂಡಿತು. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಹಿಂದಿನ ಬೆಂಚಿನ ಹುಡುಗರ ಮುಖವು ಅರಳುತ್ತಿದ್ದುದನ್ನು ನಾನು ಕಂಡಿದ್ದೇನೆ.

ಪಾಠಶಾಲೆಯಲ್ಲಿ ನನಗೆ ನಿರ್ಣಯಸಾಗರ ಮುದ್ರಣಾಲಯದ ಕಥಾಸರಿತ್ಸಾಗರವು ಸಿಕ್ಕಿದುದು ಹದಿನಾರನೆಯ ವಯಸ್ಸಿನಲ್ಲಿ. ಹಗಲು ಕೌಮುದೀಪಾಠ, ರಾತ್ರಿ ಸೋಮದೇವ. ಒಂದು ರಾತ್ರಿ ನಮ್ಮ ವ್ಯಾಕರಣದ ಅಧ್ಯಾಪಕರು ಅದನ್ನು ಕಂಡು, ಶಾಸ್ತ್ರಾಭ್ಯಾಸದ ಕಾಲದಲ್ಲಿ ಇದು ಕೂಡದೆಂದು ಗದರಿಸಿ ಪುಸ್ತಕವನ್ನು ತೆಗೆದುಕೊಂಡುಹೋದರು. ಒಂದೂವರೆ ತಿಂಗಳ ಮೇಲೆ ಹಿಂದಕ್ಕೆ ಕೊಟ್ಟರು. ತೆರೆದು ನೋಡಿದರೆ ನಾನು ಗುರುತಿಟ್ಟಿದ್ದ ಪುಟಕ್ಕಿಂತ ಇನ್ನೂರು ಪುಟ ಮುಂದೆ ಒಂದು ಒಣಗಿದ ತುಳಸಿಯ ಎಲೆ ಇದ್ದಿತು! ಆ ವಿಷಯವಾಗಿ ಅವರೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಕೊನೆಯವರೆಗೆ ಓದುವ ಅವಕಾಶವನ್ನು ಅವರಿಗೆ ಕೊಡದೆ ಪುಸ್ತಕಭಂಡಾರದವರು ಹಿಂದಕ್ಕೆ ಕೇಳಿದರೆಂದು ಆಮೇಲೆ ಕೇಳಿದೆ.

ಸೋಮದೇವನು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ರಾಣಿ ಸೂರ್ಯವತಿಯ ವಿನೋದಕ್ಕಾಗಿ ಹದಿನೆಂಟು ಲಂಬಕಗಳ, ನೂರ ಇಪ್ಪತ್ತನಾಲ್ಕು ತರಂಗಗಳ ಈ ಗ್ರಂಥವನ್ನು ರಚಿಸಿದನು. ಅದರ ಮೊದಲಿನಲ್ಲಿ ಬರುವ ಗುಣಾಢ್ಯನ ವೃತ್ತಾಂತವನ್ನು ನಮ್ಮವರು ಪೀಠಿಕೆಯೆಂದು ದಾಟಿಹೋಗುವುದುಂಟು. ನನ್ನ ದೃಷ್ಟಿಯಲ್ಲಿ ಅದ್ಭುತಸಾಹಿತ್ಯವನ್ನು ಕುರಿತು ನಮ್ಮ ದೇಶದಲ್ಲಿ ಹುಟ್ಟಿದ ಅತ್ಯುತ್ತಮ ವಿಮರ್ಶೆಯೇ ಅದು. ಕಥೆಯ ರೂಪದಲ್ಲಿರುವುದರಿಂದ ವಿಮರ್ಶೆಯೆಂದು ಯಾರೂ ಗುರುತಿಸಲಿಲ್ಲ, ಅಷ್ಟೆ. ಸಾತವಾಹನ ರಾಜನು ರಾಣಿಯರೊಡನೆ ಜಲಕ್ರೀಡೆಯಾಡುತ್ತಿರುವಾಗ, ಬಳಲಿದ ರಾಣಿಯೊಬ್ಬಳು ನೀರನ್ನು ಎರಚಬೇಡವೆಂದು ಸಂಸ್ಕೃತದಲ್ಲಿ ಹೇಳುತ್ತಾಳೆ. ನಿಷೇಧದ ಮಾತೂ ನೀರಿನ ಮಾತೂ ಸಂಧಿಯಲ್ಲಿ ಕೂಡಿದಾಗ ಅದು ‘ಮೋದಕ’ವೆಂದು ಕೇಳಿಸುತ್ತದೆ. ಸಂಧಿಯನ್ನರಿಯದ ರಾಜನು ಕಡುಬುಗಳನ್ನು ತರಿಸುತ್ತಾನೆ! ರಾಣಿ ನಗುತ್ತಾಳೆ, ರಾಜನಿಗೆ ನಾಚಿಕೆಯಾಗಿ ಅನ್ನಾಹಾರಗಳು ಬೇಡವಾಗುತ್ತವೆ. ಆರು ವರ್ಷಗಳಲ್ಲಿ ವ್ಯಾಕರಣವನ್ನು ಕಲಿಸುವೆನೆಂದು ಗುಣಾಢ್ಯನೂ, ಆರೇ ತಿಂಗಳಲ್ಲಿ ಕಲಿಸುವೆನೆಂದು ಶರ್ವವರ್ಮನೂ ಪಂಥ ಕಟ್ಟುತ್ತಾರೆ. ಶರ್ವವರ್ಮನು ಕುಮಾರಸ್ವಾಮಿಯ ಅನುಗ್ರಹದಿಂದ ಕಾತಂತ್ರವೆಂಬ ಸುಲಭ ವ್ಯಾಕರಣವನ್ನು ಪಡೆದು ಗೆಲ್ಲುತ್ತಾನೆ. ಸೋತ ಗುಣಾಢ್ಯನು ಪ್ರತಿಜ್ಞೆಯಂತೆ ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ತೊರೆದು ಮೂಕನಾಗಿ ವಿಂಧ್ಯಾಟವಿಯನ್ನು ಸೇರುತ್ತಾನೆ. ಅಲ್ಲಿ ಪಿಶಾಚಗಳ ಮಾತನ್ನು ಕಲಿತು, ಕಾಣಭೂತಿಯಿಂದ ಶಿವನು ಪಾರ್ವತಿಗೆ ಹೇಳಿದ ವಿದ್ಯಾಧರಕಥೆಗಳನ್ನು ಕೇಳಿ, ಕಾಡಿನಲ್ಲಿ ಮಸಿ ದೊರೆಯದ ಕಾರಣ ತನ್ನ ರಕ್ತದಿಂದಲೇ ಏಳು ಲಕ್ಷ ಗ್ರಂಥವನ್ನು ಏಳು ವರ್ಷಗಳಲ್ಲಿ ಬರೆಯುತ್ತಾನೆ.

ಶಿಷ್ಯರು ಅದನ್ನು ಆಸ್ಥಾನಕ್ಕೆ ಒಯ್ಯುತ್ತಾರೆ. ರಾಜನು ತಿರಸ್ಕರಿಸುತ್ತಾನೆ: ಭಾಷೆ ಪೈಶಾಚ, ಅಕ್ಷರ ರಕ್ತದ್ದು, ಗಾತ್ರವೋ ಏಳು ಲಕ್ಷ. ಇಲ್ಲಿ ಕಥೆಗಾರನ ಕುಹಕವನ್ನು ಗಮನಿಸತಕ್ಕದ್ದು. ಮೊನ್ನೆಮೊನ್ನೆಯವರೆಗೆ ನೀರಿಗೂ ಕಡುಬಿಗೂ ಭೇದವನ್ನರಿಯದಿದ್ದವನು ಆರು ತಿಂಗಳ ವ್ಯಾಕರಣವನ್ನು ಕಲಿತೊಡನೆ ಭಾಷಾಶುದ್ಧಿಯ ನ್ಯಾಯಾಧಿಪತಿಯಾಗಿ ಕುಳಿತನು. ಕಥೆಯಲ್ಲಿ ಏನಿದೆಯೆಂದು ಅವನು ಕೇಳಲಿಲ್ಲ. ಈ ಜಾತಿಯ ಸಾತವಾಹನರನ್ನು ನಾನು ನನ್ನ ಕೆಲಸದ ಕಾಲದಲ್ಲಿಯೂ ಕಂಡೆನು. ನಾನು ಪಾಠ ಹೇಳುತ್ತಿದ್ದ ಒಂದು ಶಾಲೆಗೆ ತನಿಖೆಗಾಗಿ ಬಂದ ಅಧಿಕಾರಿಯೊಬ್ಬರು, ಪುಸ್ತಕಭಂಡಾರದಲ್ಲಿ ಭೂತಪ್ರೇತಗಳ ಕಥೆಗಳೇಕೆ ಎಂದು ಪ್ರಶ್ನಿಸಿ, ನಲವತ್ತಕ್ಕೂ ಮೇಲ್ಪಟ್ಟ ಪುಸ್ತಕಗಳನ್ನು ದಾಖಲೆಯಿಂದ ತೆಗೆಯಿಸಿದರು. ಅವು ಬಹಳ ಹರಿದಿದ್ದುವೆಂಬುದೂ ಅವರು ಕೊಟ್ಟ ಕಾರಣಗಳಲ್ಲೊಂದು. ಪುಸ್ತಕವು ಹರಿಯುವುದು ಓದುವುದರಿಂದಲೆಂಬ ಪ್ರತ್ಯುತ್ತರವನ್ನು ನಾನು ಬಾಯಲ್ಲಿಯೇ ಹೇಳಿದೆನು, ಬರೆಹದಲ್ಲಿಯೂ ಕೊಟ್ಟೆನು. ಫಲವಾಗಲಿಲ್ಲ. ಹೊಳೆಯುವ ರಟ್ಟಿನ ಉಪಯುಕ್ತ ಗ್ರಂಥಗಳು ಬಂದು ಆ ಬೀರುವನ್ನು ತುಂಬಿದುವು. ನಾನು ನಿವೃತ್ತನಾಗುವವರೆಗೂ ಅವುಗಳಲ್ಲಿ ಬಹಳಷ್ಟು ಹೊಸತಾಗಿಯೇ ಇದ್ದುವು.

ಗುಣಾಢ್ಯನಿಗೆ ಮನಸ್ಸು ಮುರಿಯುತ್ತದೆ. ಬೆಟ್ಟದ ಮೇಲೆ ಅಗ್ನಿಕುಂಡವನ್ನು ಮಾಡಿ ಒಂದೊಂದೇ ಓಲೆಯನ್ನು ಗಟ್ಟಿಯಾಗಿ ಓದಿ ಬೆಂಕಿಗೆ ಹಾಕುತ್ತಾನೆ. ಓದದೆ ಹಾಕುವುದಿಲ್ಲ! ಕಾಡಿನ ಮೃಗಗಳು ಮೇವನ್ನು ಬಿಟ್ಟು ಸುತ್ತಲೂ ನಿಂತು ಕಣ್ಣೀರು ಸುರಿಸುತ್ತ ಕೇಳುತ್ತವೆ. ಇತ್ತ ಅರಮನೆಯಲ್ಲಿ ರಾಜನಿಗೆ ಅಸ್ವಾಸ್ಥ್ಯ. ಸಾರವಿಲ್ಲದ ಮಾಂಸವೇ ಕಾರಣವೆಂದು ವೈದ್ಯರು ಹೇಳುತ್ತಾರೆ. ಅಡಿಗೆಯವರು ಬೇಡರನ್ನು ದೂರುತ್ತಾರೆ. ಬೇಡರು ಬೆಟ್ಟದ ಸಂಗತಿಯನ್ನು ತಿಳಿಸುತ್ತಾರೆ. ರಾಜನು ಓಡಿಬರುವ ಹೊತ್ತಿಗೆ ಆರು ಲಕ್ಷ ಸುಟ್ಟುಹೋಗಿತ್ತು. ಶಿಷ್ಯರಿಗೆ ಪ್ರಿಯವೆಂದು ಉಳಿಸಿದ್ದ ನರವಾಹನದತ್ತನ ಚರಿತ್ರೆ ಒಂದು ಲಕ್ಷ ಮಾತ್ರ ದೊರೆಯಿತು. ಕಥೆಯನ್ನು ತಿರಸ್ಕರಿಸಿದವನ ತಟ್ಟೆಯಲ್ಲಿಯೇ ಅದರ ಪರಿಣಾಮವು ಕಾಣಿಸಿಕೊಂಡಿತೆಂಬುದು ಎಂಥ ಕಲ್ಪನೆ! ಈ ವೃತ್ತಾಂತದ ಮುಂದಿನ ಭಾಗವನ್ನು ಕಾಲಪುರುಷನು ಬರೆದನು. ಉಳಿದ ಆ ಒಂದು ಲಕ್ಷವೂ ಪೈಶಾಚಿಯ ರೂಪದಲ್ಲಿ ಇಂದು ಇಲ್ಲ. ಸೋಮದೇವನೂ ಕ್ಷೇಮೇಂದ್ರನೂ ಬುಧಸ್ವಾಮಿಯೂ ಮಾಡಿದ ಸಂಸ್ಕೃತ ಸಂಗ್ರಹಗಳಿಂದ ಮೂಲವನ್ನು ಊಹಿಸಬೇಕಾಗಿದೆ. ಕನ್ನಡನಾಡಿಗೂ ಈ ಬೃಹತ್ಕಥೆಗೂ ನಂಟು ಹಳೆಯದು. ಗಂಗರ ದುರ್ವಿನೀತನು ಅದನ್ನು ಸಂಸ್ಕೃತಕ್ಕೆ ತಂದನೆಂದು ಶಾಸನವು ಹೇಳುತ್ತದೆ; ಹನ್ನೊಂದನೆಯ ಶತಮಾನದ ದುರ್ಗಸಿಂಹನು ತನ್ನ ಪಂಚತಂತ್ರದ ಮೂಲವನ್ನು ವಸುಭಾಗಭಟ್ಟನ ಮೂಲಕ ಗುಣಾಢ್ಯನವರೆಗೆ ಒಯ್ಯುತ್ತಾನೆ; ನಮ್ಮ ಕಾಲಕ್ಕೆ ಸಮೀಪದಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ‘ಕಥಾಮೃತ’ದಿಂದ ಸೋಮದೇವನನ್ನು ಕನ್ನಡಿಗರ ಮನೆಗೆ ಕರೆತಂದರು. ಸಂಸ್ಕೃತವನ್ನರಿಯದ ವಾಚಕರು ಬೇರೆ ಏನನ್ನು ಬಿಟ್ಟರೂ ಈ ಗ್ರಂಥವನ್ನು ಬಿಡಬಾರದು.

ಇನ್ನು ಶಾಸ್ತ್ರದ ಮಾತು. ಭರತಮುನಿಯು ಅದ್ಭುತವನ್ನು ರಸಗಳಲ್ಲಿ ಎಣಿಸಿ, ವಿಸ್ಮಯವನ್ನು ಅದರ ಸ್ಥಾಯಿಯೆಂದೂ, ಬ್ರಹ್ಮನನ್ನು ದೇವತೆಯೆಂದೂ, ಹಳದಿಯನ್ನು ಬಣ್ಣವೆಂದೂ ಹೇಳಿದನು. ಅಷ್ಟೇ ಅಲ್ಲ; ನಾಟಕದ ನಿರ್ವಹಣಸಂಧಿಯಲ್ಲಿ, ಎಂದರೆ ಕೊನೆಯಲ್ಲಿ, ಅದ್ಭುತವು ಯಾವಾಗಲೂ ಇರತಕ್ಕದ್ದೆಂದು ವಿಧಿಸಿದನು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನ ಮನೆತನದ ಹಿರಿಯ ನಾರಾಯಣನು ಇನ್ನೂ ಮುಂದೆ ಹೋಗಿ, ಎಲ್ಲ ರಸಗಳ ಸಾರವೂ ಚಮತ್ಕಾರವಾದುದರಿಂದ ಅದ್ಭುತವೊಂದೇ ರಸವೆಂದನು. ಇದನ್ನು ನಾನು ಒಪ್ಪುವುದಿಲ್ಲ. ಪ್ರೀತಿಯಿಂದ ಆಡಿದ ಅತಿಮಾತು ಅದು. ಕರುಣವನ್ನೂ ಹಾಸ್ಯವನ್ನೂ ಒಂದೇ ಪಾತ್ರೆಗೆ ಸುರಿದರೆ ಎರಡರ ರುಚಿಯೂ ಕೆಡುತ್ತದೆ. ಇದಕ್ಕಿಂತ ಬೆಲೆಯುಳ್ಳ ವಿಚಾರವು ಆನಂದವರ್ಧನನಲ್ಲಿದೆ. ಒಂಬತ್ತನೆಯ ಶತಮಾನದ ಆ ಮಹಾವಿಮರ್ಶಕನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ, ಕೇವಲ ಮನುಷ್ಯನಾದ ರಾಜನು ಏಳು ಸಮುದ್ರಗಳನ್ನು ದಾಟಿದನೆಂದು ವರ್ಣಿಸಿದರೆ ಮಾತು ಎಷ್ಟು ಸೊಗಸಾಗಿದ್ದರೂ ನೀರಸವಾಗುತ್ತದೆಂದೂ, ಅನೌಚಿತ್ಯವೇ ಇದಕ್ಕೆ ಕಾರಣವೆಂದೂ ಹೇಳುತ್ತಾನೆ. ಹಾಗಾದರೆ ಸಾತವಾಹನನೇ ಮೊದಲಾದವರು ನಾಗಲೋಕಕ್ಕೆ ಹೋದ ಕಥೆಗಳಿವೆಯಲ್ಲ ಎಂಬ ಪೂರ್ವಪಕ್ಷವನ್ನೂ ತಾನೇ ಎತ್ತುತ್ತಾನೆ. ಅವನ ಸಮಾಧಾನವಿದು: ದಿವ್ಯಾಂಶವುಳ್ಳ ಪಾತ್ರಕ್ಕೆ ದಿವ್ಯವಾದುದು ಒಪ್ಪುತ್ತದೆ, ಪ್ರಸಿದ್ಧಿಯಲ್ಲಿ ಕೇಳಿಬಂದಷ್ಟು ಒಪ್ಪುತ್ತದೆ, ಅದನ್ನು ಮೀರಿದುದು ಒಪ್ಪದು. ಪ್ರಶ್ನೆಯು ಸಮುದ್ರವನ್ನು ದಾಟುವುದು ಸಾಧ್ಯವೇ ಎಂಬುದಲ್ಲ. ಈ ಕಥೆಯಲ್ಲಿ, ಈ ಪಾತ್ರಕ್ಕೆ, ದಾಟುವ ಅಧಿಕಾರವುಂಟೇ ಎಂಬುದು.

ಇದೇ ಅರ್ಥವನ್ನು ಸಾವಿರ ವರ್ಷಗಳಿಗೂ ಹೆಚ್ಚು ಕಾಲದ ಮೇಲೆ, ಆನಂದವರ್ಧನನ ಹೆಸರು ಬಾರದ ಬೇರೊಂದು ದಾರಿಯಲ್ಲಿ, ಒಬ್ಬ ಇಂಗ್ಲಿಷ್ ಪಂಡಿತನು ಹೇಳಿರುವುದನ್ನು ಕಂಡು ನನಗೆ ರೋಮಾಂಚವಾಯಿತು. ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕನಾಗಿದ್ದ ಟೋಲ್ಕಿನ್ (1892–1973) 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನಲ್ಲಿ ಅದ್ಭುತಕಥೆಗಳನ್ನು ಕುರಿತು ಉಪನ್ಯಾಸ ಮಾಡಿದನು. ಅದು ವಿಸ್ತಾರಗೊಂಡು 1947ರಲ್ಲಿ ಅಚ್ಚಾಯಿತು. ಹಸುರು ಬಣ್ಣದ ಸೂರ್ಯನೆಂದು ಯಾರು ಬೇಕಾದರೂ ನುಡಿಯಬಹುದು. ಆ ಸೂರ್ಯನನ್ನು ನಂಬತಕ್ಕ ಒಂದು ಜಗತ್ತನ್ನು ಕಟ್ಟುವುದಕ್ಕೆ ಬಹಳ ಶ್ರಮವೂ ವಿಶೇಷ ಕೌಶಲವೂ ಬೇಕು ಎಂಬುದು ಅಲ್ಲಿನ ಒಂದು ವಾದ. ದೊಡ್ಡವರಿಗೆ ಬೇಡವಾದ ಹಳೆಯ ಮೇಜುಕುರ್ಚಿಗಳನ್ನು ಮಕ್ಕಳ ಕೋಣೆಗೆ ತಳ್ಳುವಂತೆ ಈ ಕಥೆಗಳನ್ನೂ ತಳ್ಳಿದ್ದಾರೆಂಬುದು ಇನ್ನೊಂದು. ನನ್ನ ಹಳೆಯ ಶಿಷ್ಯನೊಬ್ಬನು ನಾನು ನಿವೃತ್ತನಾದಾಗ ಈತನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಮೂರು ಸಂಪುಟಗಳ ಗ್ರಂಥವನ್ನು ತಂದುಕೊಟ್ಟನು. 1954–55ರಲ್ಲಿ ಹೊರಬಂದ ಅದನ್ನು ನಿಘಂಟಿನ ಸಹಾಯದಿಂದ ಹದಿನಾಲ್ಕು ತಿಂಗಳಲ್ಲಿ ಓದಿ ಮುಗಿಸಿದೆನು. ಆತನು ಮೊದಲು ಭಾಷೆಗಳನ್ನು ಕಲ್ಪಿಸಿ, ಅವುಗಳ ಧ್ವನಿವ್ಯತ್ಯಾಸಗಳನ್ನೂ ಪದರೂಪಗಳನ್ನೂ ಗೊತ್ತುಮಾಡಿ, ಆಮೇಲೆ ಆ ಭಾಷೆಗಳನ್ನಾಡುವ ಜನರಿಗಾಗಿ ಜಗತ್ತನ್ನು ಸೃಷ್ಟಿಸಿದನಂತೆ. ವೈಯಾಕರಣನಿಗೆ ಕಥೆಯು ಶತ್ರುವೆಂದು ನನ್ನನ್ನು ಗದರಿಸಿದ ಅಧ್ಯಾಪಕರು ಬದುಕಿದ್ದರೆ ಇದನ್ನು ಅವರಿಗೆ ಅರಿಕೆಮಾಡುತ್ತಿದ್ದೆನು. ನಮ್ಮಲ್ಲಿಯೂ ಒಂದು ಸಂಧಿಯಿಂದ ಬೃಹತ್ಕಥೆ ಹುಟ್ಟಿತು. ಜೈಮಿನಿಭಾರತದ ಚಂದ್ರಹಾಸನು ‘ವಿಷ’ವೆಂಬುದು ‘ವಿಷಯೆ’ಯಾದ ಒಂದು ಅಕ್ಷರದಿಂದ ಬದುಕಿದನು.

ಆದರೂ ಎರಡು ಪರಂಪರೆಗಳಿಗೆ ಒಂದು ದೊಡ್ಡ ಭೇದವನ್ನು ಕಂಡೆನು. ಟೋಲ್ಕಿನ್ನನ ಉಂಗುರದಲ್ಲಿ ಕೇಡು ವಸ್ತುವಿನಲ್ಲಿಯೇ ಇದೆ; ಸಜ್ಜನನು ಧರಿಸಿದರೂ ಕೆಡುತ್ತಾನೆ, ಆದಕಾರಣ ಅದನ್ನು ನಾಶಮಾಡುವುದೇ ಕಥೆ. ಸೋಮದೇವನಲ್ಲಿ ಪುತ್ರಕನೆಂಬವನು ಮಯಾಸುರನ ಇಬ್ಬರು ಮಕ್ಕಳನ್ನು ಓಟದ ಪಂಥಕ್ಕೆ ಹಚ್ಚಿ, ಅವರು ಓಡಿದೊಡನೆ ಅವರ ಪಾದುಕೆ, ಕೋಲು, ಪಾತ್ರೆಗಳನ್ನು ಎತ್ತಿಕೊಂಡು ಹಾರಿಹೋಗುತ್ತಾನೆ. ಪಾದುಕೆ ಆಕಾಶಗಮನವನ್ನೂ, ಪಾತ್ರೆ ಬಯಸಿದ ಊಟವನ್ನೂ ಕೊಡುತ್ತವೆ. ಕೋಲಿನಿಂದ ಬರೆದುದೆಲ್ಲ ನಿಜವಾಗುತ್ತದೆ. ಆ ಕೋಲಿನಿಂದ ಅವನು ಒಂದು ಪಟ್ಟಣವನ್ನೇ ಬರೆದು ಪಾಟಲಿಯೊಡನೆ ಸುಖವಾಗಿ ಆಳುತ್ತಾನೆ, ಅದೇ ಪಾಟಲಿಪುತ್ರ. ಕದ್ದ ವಸ್ತು ಅವನನ್ನು ಕಾಡುವುದಿಲ್ಲ. ನಮ್ಮ ಕಥೆಗಳಲ್ಲಿ ವಸ್ತುವು ನಿರ್ದೋಷಿ; ದೋಷವು ವ್ಯಕ್ತಿಯ ಒಂದು ಪ್ರಮಾದದಲ್ಲಿದ್ದು ಶಾಪವಾಗಿ ಪರಿಣಮಿಸುತ್ತದೆ. ಆ ಶಾಪಕ್ಕೆ ಒಂದು ಅವಧಿಯನ್ನೂ ಕೊಟ್ಟವನೇ ಹೇಳಿಬಿಡುತ್ತಾನೆ. ಅವಧಿಯಿಲ್ಲದ ಶಾಪವನ್ನು ಕಥಾಸರಿತ್ಸಾಗರದಲ್ಲಿ ಹುಡುಕಿಯೇ ತೆಗೆಯಬೇಕು. ಪುತ್ರಕನಂಥವರ ಬಗ್ಗೆ ನಮ್ಮ ಕವಿಗಳು ತೋರಿದ ದಾಕ್ಷಿಣ್ಯವು ಸ್ವಲ್ಪ ಹೆಚ್ಚಾಯಿತೆಂಬುದನ್ನು ನಾನು ಒಪ್ಪುತ್ತೇನೆ. ಈ ಒಂದಂಶದಲ್ಲಿ ಇಂಗ್ಲಿಷಿನವನ ಧರ್ಮದೃಷ್ಟಿ ಹೆಚ್ಚು ನಿಷ್ಠುರವಾದುದು.

ಇಂದು ದೂರದರ್ಶನದಲ್ಲಿಯೂ ಚಲಚ್ಚಿತ್ರದಲ್ಲಿಯೂ ಯಂತ್ರಸಹಾಯದಿಂದ ತೋರಿಸುವ ಅದ್ಭುತಗಳನ್ನು ನೋಡಿ ಬೇಸರವಾಗುವುದಕ್ಕೆ ಕಾರಣವೂ ಇದೇ. ಅಲ್ಲಿ ಎಲ್ಲರೂ ಏಳು ಸಮುದ್ರಗಳನ್ನು ದಾಟುತ್ತಾರೆ. ನಮ್ಮೂರ ಯಕ್ಷಗಾನದಲ್ಲಿ ದೊಂದಿಗೆ ಎರಚಿದ ಒಂದು ಹಿಡಿ ರಾಳದ ಪುಡಿ ಭುಗಿಲ್ಲೆಂದು, ತೆರೆಯ ಮೇಲೆ ರಾಕ್ಷಸನ ಕಿರೀಟದ ತುದಿ ಮಾತ್ರ ಕಾಣಿಸಿದಾಗ ಆದ ವಿಸ್ಮಯದ ಕಾಲುಭಾಗವೂ ಇಲ್ಲಿ ಆಗುವುದಿಲ್ಲ. ಇನ್ನೊಂದು ಬಾಧೆ, ಪುಷ್ಪಕವೆಂದರೆ ಇಂದಿನ ವಿಮಾನವೇ ಎಂದು ಸಾಧಿಸಲು ಹೊರಡುವ ಮಿತ್ರರದು. ಇದೆಲ್ಲ ಮೂಢನಂಬಿಕೆಯೆಂದು ಬೀರು ಖಾಲಿಮಾಡಿಸುವವರಿಗೂ ಇವರಿಗೂ ಹೊರಗೆ ಜಗಳವಿದ್ದಂತೆ ತೋರಿದರೂ ಒಳಗೆ ಒಂದೇ ಮತ. ಕಥೆಯನ್ನು ಇಬ್ಬರೂ ವರದಿಯೆಂದು ತಿಳಿದಿದ್ದಾರೆ. ವಿಮಾನದಲ್ಲಿ ಕುಳಿತು ದೆಹಲಿಗೆ ಹೋದವರನ್ನು ನಾನು ಬಲ್ಲೆ. ಅವರಲ್ಲಿ ಒಬ್ಬರಿಗಾದರೂ ಕಣ್ಣು ಎವೆಯಿಕ್ಕದೆ ನಿಂತುದನ್ನು ಕಾಣೆ.

ನಾನು ಅತ್ಯಂತ ಪ್ರೀತಿಸುವ ಕಥೆ ಕನಕಪುರಿಯದು. ಕನಕಪುರಿಯನ್ನು ಕಂಡವನನ್ನಲ್ಲದೆ ವರಿಸೆನೆಂದು ವರ್ಧಮಾನಪುರದ ರಾಜಕುಮಾರಿ ಕನಕರೇಖೆ ಹಟ ಹಿಡಿಯುತ್ತಾಳೆ. ಶಕ್ತಿದೇವನೆಂಬ ಬ್ರಾಹ್ಮಣನು ಮೊದಲು ಕಂಡೆನೆಂದು ಸುಳ್ಳು ಹೇಳಿ, ಸಿಕ್ಕಿಬಿದ್ದು, ಆ ಅವಮಾನದಿಂದ ನಿಜವಾಗಿಯೂ ಹುಡುಕಿಕೊಂಡು ಹೊರಡುತ್ತಾನೆ. ಹಡಗು ಒಡೆಯುತ್ತದೆ, ಮೀನು ನುಂಗುತ್ತದೆ, ಮತ್ತೊಮ್ಮೆ ಕಡಲಿನ ಸುಳಿಯ ಬಳಿಯ ಆಲದ ಕೊಂಬೆಯನ್ನು ಹಿಡಿದು ಉಳಿಯುತ್ತಾನೆ, ರಾತ್ರಿ ಆ ಮರದಲ್ಲಿ ಬಂದಿಳಿದ ಹಿರಿಯ ಹಕ್ಕಿಯೊಂದರ ಬೆನ್ನಿನ ಗರಿಗಳಲ್ಲಿ ಅಡಗಿ ಕನಕಪುರಿಯನ್ನು ಸೇರುತ್ತಾನೆ. ಅಲ್ಲಿಯ ವಿದ್ಯಾಧರಿ ಅವನನ್ನು ಸತ್ಕರಿಸಿ, ಒಂದು ದಿನ ತಾನು ಹೊರಗೆ ಹೋಗುವಾಗ, ಅರಮನೆಯ ನಡುವಣ ಉಪ್ಪರಿಗೆಯನ್ನು ಮಾತ್ರ ಹತ್ತಬಾರದೆಂದು ಹೇಳುತ್ತಾಳೆ. ಹತ್ತದಿದ್ದರೆ ಕಥೆಯೆಲ್ಲಿ! ಹತ್ತಿ ನೋಡುತ್ತಾನೆ. ಮೂರು ಮಂಟಪಗಳು, ಮೊದಲನೆಯದರಲ್ಲಿ ಹಾಸಿಗೆಯ ಮೇಲೆ ಪ್ರಾಣವಿಲ್ಲದೆ ಮಲಗಿರುವವಳು, ತಾನು ಯಾರಿಗಾಗಿ ಇಷ್ಟು ದೂರ ಬಂದನೋ ಆ ಕನಕರೇಖೆಯೇ. ಅಲ್ಲಿ ಊರಲ್ಲಿ ಬದುಕಿರುವವಳು ಇಲ್ಲಿ ಹೇಗೆ ಸತ್ತು ಮಲಗಿದ್ದಾಳೆ? ಯೋಚಿಸುತ್ತ ಕೆಳಗಿಳಿದು ಕೊಳದ ಬಳಿಯ ಕುದುರೆಯನ್ನೇರಹೋದರೆ ಅದು ಒದೆಯುತ್ತದೆ; ಕೊಳದಲ್ಲಿ ಬಿದ್ದವನು ಏಳುವುದು ವರ್ಧಮಾನಪುರದ ತೋಟದ ಬಾವಿಯಂಥ ನೀರಿನಲ್ಲಿ. ಶಾಪದಿಂದ ಮನುಷ್ಯಲೋಕದಲ್ಲಿ ಹುಟ್ಟಿದ ವಿದ್ಯಾಧರಿಯರ ದೇಹಗಳು ಶಾಪ ತೀರುವವರೆಗೆ ಕೆಡದೆ ಅಲ್ಲಿ ಕಾದಿದ್ದುವು ಎಂಬುದು ಮುಂದೆ ಬಿಡಿಸುವ ಒಗಟು. ಸೋಮದೇವನು ಇದನ್ನು ಹೇಳುವ ಶೈಲಿಯಲ್ಲಿ ಒಂದು ಅನಾವಶ್ಯಕ ವಿಶೇಷಣವೂ ಇಲ್ಲ. ಪಂಚಾಂಗವನ್ನೋದುವವನ ಸ್ವರದಲ್ಲಿ ಹೇಳುತ್ತಾನೆ. ಅದರಿಂದಲೇ ಮೈ ಜುಮ್ಮೆನ್ನುತ್ತದೆ.

ಕಾದಿರಿಸಿದ ದೇಹದ ಈ ಕಲ್ಪನೆಯನ್ನು ಬಾಣಭಟ್ಟನು ತನ್ನ ಕಾದಂಬರಿಯಲ್ಲಿ ಪ್ರಾಣಭೂತವನ್ನಾಗಿ ಮಾಡಿಕೊಂಡನು. ಪುಂಡರೀಕನು ವಿರಹದಿಂದ ಸತ್ತಾಗ ಚಂದ್ರಮಂಡಲದಿಂದ ಇಳಿದ ದಿವ್ಯಪುರುಷನು ಅವನ ದೇಹವನ್ನು ಎತ್ತಿಕೊಂಡು, ಮತ್ತೆ ಸಮಾಗಮವಾಗುವುದೆಂದು ಮಹಾಶ್ವೇತೆಗೆ ಮಾತು ಕೊಟ್ಟು ಹೋಗುತ್ತಾನೆ. ಅವಳು ಅಚ್ಛೋದಸರಸ್ಸಿನ ತೀರದಲ್ಲಿ ವೀಣೆಯನ್ನು ನುಡಿಸುತ್ತ ಕಾದಿರುತ್ತಾಳೆ. ಈ ಮಾತನ್ನು ಕೊಟ್ಟ ಕವಿ, ಅದನ್ನು ನಡೆಯಿಸುವ ಮೊದಲೇ, ಪತ್ರಲೇಖೆಯು ಕಾದಂಬರಿಯ ಮಾತುಗಳನ್ನು ಚಂದ್ರಾಪೀಡನಿಗೆ ತಿಳಿಸುತ್ತಿರುವ ನಡುವಿನಲ್ಲಿ, ಸ್ವರ್ಗಸ್ಥನಾದನು. ಗ್ರಂಥವನ್ನು ಮುಗಿಸಿದವನು ಮಗ. ಅವನನ್ನು ಭೂಷಣಭಟ್ಟನೆಂದೂ ಪುಲಿಂದನೆಂದೂ ಕರೆಯುತ್ತಾರೆ. ಉತ್ತರಭಾಗವು ಪೂರ್ವಭಾಗಕ್ಕೆ ಸಮನಲ್ಲವೆಂಬುದು ಪಂಡಿತರ ತೀರ್ಪು.

ಈ ತೀರ್ಪನ್ನು ಕುರಿತು ನಾನು ಹೇಳುವ ಮಾತಿಗೆ ಒಂದು ಸಂಗತಿಯನ್ನು ತಿಳಿಸಬೇಕಾಗುತ್ತದೆ. ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮನೊಬ್ಬನಿದ್ದನು. ಚಂದಮಾಮದ ಧಾರಾವಾಹಿಯನ್ನು ನಾವಿಬ್ಬರೂ ಒಂದೇ ಪುಸ್ತಕದ ಎರಡು ಕಡೆಯಿಂದ ಹಿಡಿದು ಓದುತ್ತಿದ್ದೆವು. 1973ರ ಮಳೆಗಾಲದಲ್ಲಿ ಅವನಿಗೆ ವಿಷಮಜ್ವರ ಬಂದಿತು. ಹೊಳೆ ತುಂಬಿ ಪೇಟೆಯ ದಾರಿ ಕಟ್ಟಿಹೋಗಿ ಮುಂದಿನ ಸಂಚಿಕೆ ಬರಲಿಲ್ಲ. ನಾಯಕನು ಗುಹೆಯೊಳಗೆ ಸಿಕ್ಕಿಕೊಂಡು ಬಾಗಿಲು ಮುಚ್ಚಿದಲ್ಲಿಗೆ ಹಿಂದಿನ ಭಾಗವು ನಿಂತಿದ್ದಿತು. ಮುಂದೇನಾಯಿತು ಹೇಳೆಂದು ಅವನು ದಿನವೂ ಕೇಳುವನು. ನಾನು ದಿನಕ್ಕಿಷ್ಟು ಕಟ್ಟಿ ಹೇಳಿದೆನು. ಗುಹೆಗೆ ಹಿಂಬಾಗಿಲನ್ನು ಮಾಡಿದೆನು, ಹದ್ದನ್ನು ತಂದೆನು, ನಾಯಕನನ್ನು ಊರಿಗೆ ಮುಟ್ಟಿಸಿದೆನು. ಹದ್ದು ಹೇಗೆ ಬಂದಿತೆಂದು ಅವನು ಜ್ವರದಲ್ಲಿಯೂ ಕೇಳಿದನು. ಹಿಂದೊಮ್ಮೆ ನಾಯಕನು ಅದರ ಮರಿಯನ್ನು ಕಾಪಾಡಿದ್ದನೆಂದೆನು. ಹಾಗಾದರೆ ಸರಿ ಎಂದನು. ಸಂಚಿಕೆಯು ಬಂದಾಗ ಅವನಿರಲಿಲ್ಲ. ಅಚ್ಚಾದ ಕಥೆಯು ಬೇರೆಯೇ ಆಗಿದ್ದಿತು, ನನ್ನದಕ್ಕಿಂತ ಬಹಳ ಚೆನ್ನಾಗಿಯೂ ಇದ್ದಿತು.

ಪಾಠಶಾಲೆಯಲ್ಲಿ ಉತ್ತರಭಾಗದ ಮೊದಲ ಶ್ಲೋಕಗಳನ್ನು ಓದಿದಾಗ, ತಂದೆಯೊಡನೆ ಅವನ ಮಾತೂ ಹೋಗಿ ಕಥೆಯು ಕಡಿದುಬಿದ್ದುದರಿಂದ ಸಜ್ಜನರಿಗಾದ ದುಃಖವನ್ನು ನೋಡಿ ಇದನ್ನು ಕೈಕೊಂಡೆನೇ ಹೊರತು ಕವಿತ್ವದ ದರ್ಪದಿಂದಲ್ಲ ಎಂಬ ಭಾವವನ್ನು ಕಂಡೆನು. ಅಂದಿನಿಂದ ಈ ಮಗನ ವಿಷಯದಲ್ಲಿ ನನಗೆ ಪಕ್ಷಪಾತವುಂಟು. ಅವನ ಭಾಷೆಯಲ್ಲಿ ತಂದೆಯ ವೈಭವವಿಲ್ಲವೆಂಬುದು ನಿಜ. ತಂದೆಯು ಒಂದು ಸಂಧ್ಯಾವರ್ಣನೆಗೆ ಕೊಡುತ್ತಿದ್ದ ಅವಕಾಶದಲ್ಲಿ ಮಗನು ಒಂದು ಮರಣವನ್ನೂ ಒಂದು ಶಾಪವನ್ನೂ ಹೇಳಿ ಮುಂದೆ ಓಡುತ್ತಾನೆ. ಆದರೆ ಅವನು ಓಡುತ್ತಿರುವುದು ಎಲ್ಲಿಗೆಂಬುದನ್ನು ನೋಡಬೇಕು. ಚಂದ್ರಾಪೀಡನು ಎದೆಯೊಡೆದು ಬೀಳುತ್ತಾನೆ. ಸಾಯಹೊರಟ ಕಾದಂಬರಿಯನ್ನು ಆಕಾಶವಾಣಿಯು ತಡೆಯುತ್ತದೆ. ಅವಳು ಆ ಕೆಡದ ದೇಹವನ್ನು ದಿನದಿನವೂ ಉಪಚರಿಸುತ್ತ ಕುಳಿತಿರುತ್ತಾಳೆ. ವಸಂತವು ಬಂದಾಗ, ಅವಳು ತಾಳಲಾರದೆ ಆಲಿಂಗಿಸಿದಾಗ, ಅವನು ಕಣ್ಣು ತೆರೆಯುತ್ತಾನೆ. ಅತ್ತ ಶೂದ್ರಕನೂ ಗಿಣಿಯೂ ದೇಹಬಿಟ್ಟುದರಿಂದಲೇ ಇತ್ತ ಇಬ್ಬರು ಎದ್ದರೆಂಬುದನ್ನು ಕವಿ ಮರೆಯುವುದಿಲ್ಲ. ಮೂರು ಜನ್ಮಗಳ ಲೆಕ್ಕವೂ ಕೂಡಿಬರುತ್ತದೆ. ಹದ್ದಿಗೆ ಕಾರಣವನ್ನು ಕೇಳುವ ಹುಡುಗನಿಗೂ ಇದು ಸರಿಯೆನಿಸುತ್ತಿತ್ತು. ತನ್ನ ತಂದೆಯನ್ನು ಸುಟ್ಟುಬಂದ ಕೈಯಿಂದ ಒಬ್ಬನು ಈ ಪುಟಗಳನ್ನು ಬರೆದನೆಂಬುದನ್ನು ನೆನೆದು ಓದಿದವರು, ವರ್ಣನೆ ಕಡಿಮೆಯಾಯಿತೆಂದು ದೂರಲಾರರು.

ನಾಗವರ್ಮನ ಕರ್ಣಾಟಕ ಕಾದಂಬರಿಯಲ್ಲಿ ಎರಡು ಭಾಗಗಳೂ ಒಂದೇ ಕೈಯ ಬರವಣಿಗೆ. ಕನ್ನಡದ ಕವಿಯು ಬಾಣನ ಉದ್ದವಾದ ವಾಕ್ಯಗಳನ್ನು ಹದವರಿತು ಮೊಟಕುಗೊಳಿಸಿ, ಕಥೆಗೆ ಒಂದೇ ಸಮನಾದ ಓಟವನ್ನು ಕೊಟ್ಟಿದ್ದಾನೆ. ಮೊದಲ ಸಲ ಓದುವವರಿಗೆ ನಾನು ಅದನ್ನೇ ಹೇಳುತ್ತೇನೆ. ನಾನು ಮಾತ್ರ ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಸಂಸ್ಕೃತದ್ದನ್ನು ತೆಗೆಯುತ್ತೇನೆ. ಪತ್ರಲೇಖೆಯ ಮಾತು ನಡುವೆ ನಿಲ್ಲುವ ಪುಟವು ಬಂದಾಗ ಪುಸ್ತಕವನ್ನು ಮಡಿಚಿಟ್ಟು ಅಂಗಳದಲ್ಲಿ ಸ್ವಲ್ಪ ಹೊತ್ತು ತಿರುಗಾಡಿ, ಒಳಗೆ ಬಂದು ಮಗನ ಶ್ಲೋಕಗಳಿಂದ ಮುಂದಕ್ಕೆ ಓದುತ್ತೇನೆ.